ಅಗ್ಗದ ಆಮದು ಚೈನ್‌ಸಾ: ಕೊಳ್ಳುವವರು ಒಬ್ಬರು, ಹಿಡಿದು ದುಡಿಯುವವರು ಇನ್ನೊಬ್ಬರು

ಸಂಪಾದಕರಿಗೆ,

ಮಾನ್ಯರೇ,

ಮರ ಕೊಯ್ಯುವ ಚೈನ್‌ಸಾ ಈಗ ನಾಟಾ ವ್ಯಾಪಾರಿಗಳ ಬಳಿ ಮಾತ್ರ ಇರುವ ಯಂತ್ರವಾಗಿ ಉಳಿದಿಲ್ಲ. ಹೆಸರಾಂತ ಕಂಪನಿಗಳ ಯಂತ್ರದ ಬೆಲೆಯಲ್ಲಿ ಒಂದು ಸಣ್ಣ ಪಾಲಿಗೆ ಆಮದು ಯಂತ್ರ ಮನೆಬಾಗಿಲಿಗೇ ಬಂದು ತಲುಪುತ್ತಿದೆ. ಮೊಬೈಲ್ ತೆರೆದರೆ ಅದರದೇ ಜಾಹೀರಾತು. ಸಣ್ಣ ಎಂಜಿನ್‌ಗಳ ರಿಪೇರಿಯೇ ನನ್ನ ವೃತ್ತಿಯಾದ್ದರಿಂದ, ಇವನ್ನು ಕೊಳ್ಳಬಹುದೇ, ದುಡ್ಡು ದಂಡವಾಗುತ್ತದೆಯೇ ಎಂದು ಕೇಳುವವರು ನನಗೆ ದಿನವೂ ಸಿಗುತ್ತಾರೆ. ಕೇಳುವವರಲ್ಲಿ ಬಹುತೇಕರ ಲೆಕ್ಕಾಚಾರ ಎಂಜಿನ್ನಿನ ಶಕ್ತಿ ಮತ್ತು ಬೆಲೆ ಇವೆರಡರ ನಡುವೆಯೇ ಮುಗಿಯುತ್ತದೆ. ಆ ಲೆಕ್ಕದಲ್ಲಿ ಯಂತ್ರವನ್ನು ಕೈಯಲ್ಲಿ ಹಿಡಿಯುವ ಮನುಷ್ಯ ಬಿಟ್ಟುಹೋಗುತ್ತಾನೆ ಎಂಬುದೇ ಈ ಪತ್ರ ಬರೆಯಲು ಕಾರಣ.

ಮೊದಲು ಈ ಯಂತ್ರಗಳ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುತ್ತೇನೆ. ಚೈನ್‌ಸಾ ಹೊಸ ವಿದ್ಯೆಯೇನೂ ಅಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟೀಲ್ 1926ರಲ್ಲಿ ವಿದ್ಯುತ್ತಿನಿಂದ ನಡೆಯುವ ಯಂತ್ರವನ್ನೂ 1929ರಲ್ಲಿ ಪೆಟ್ರೋಲ್ ಯಂತ್ರವನ್ನೂ ತಯಾರಿಸಿದರು. ಅಮೆರಿಕದ ಆರೆಗಾನ್‌ನಲ್ಲಿ ಮರ ಕಡಿಯುವ ಕೆಲಸದಲ್ಲಿದ್ದ ಜೋಸೆಫ್ ಕಾಕ್ಸ್, ಮರ ಕೊರೆಯುವ ಹುಳುವಿನ ದವಡೆಯನ್ನು ಗಮನಿಸಿ ರೂಪಿಸಿದ ಹಲ್ಲು 1940ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂದಿತು. ಇಂದಿನ ಬಹುಪಾಲು ಚೈನ್‌ಗಳ ಹಲ್ಲು ಅದರದೇ ಸಂತತಿ. ಪೇಟೆಂಟಿನ ಅವಧಿ ಸಾಮಾನ್ಯವಾಗಿ 20 ವರ್ಷ. ಅದು ತೀರಿದ ಹಳೆಯ ಮಾದರಿಗಳನ್ನು ನೋಡಿ ಅದೇ ಅಳತೆಯಲ್ಲಿ ಬೇರೆಯವರು ಯಂತ್ರ ತಯಾರಿಸಿದರೆ ತಪ್ಪಿಲ್ಲ. ಒಳ್ಳೆಯ ನಕಲಿಗೆ ಮೂಲ ಯಂತ್ರದ ಬಿಡಿಭಾಗಗಳೂ ಹೊಂದುತ್ತವೆ. ಹೀಗಾಗಿ ಆಮದು ಎಂದ ಮಾತ್ರಕ್ಕೆ ಮೂಗು ಮುರಿಯುವವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ತಮ್ಮದಲ್ಲದ ಹೆಸರು, ತಮ್ಮದಲ್ಲದ ಬಣ್ಣ ಹಚ್ಚಿಕೊಂಡು ಅಸಲಿ ಎಂದು ಮಾರಾಟವಾಗುವ ಯಂತ್ರಗಳ ವಿಷಯ ಬೇರೆ. ಹೆಸರಿನಲ್ಲೇ ಸುಳ್ಳು ಹೇಳುವವನು ಒಳಗಿನ ಲೋಹದ ವಿಷಯದಲ್ಲಿ ನಿಜ ಹೇಳುತ್ತಾನೆ ಎಂದು ನಂಬಲು ಕಾರಣವಿಲ್ಲ.

ಸ್ವಂತ ಹೆಸರಿನಲ್ಲಿ ಮಾರುವವರ ಅಂಕಿಗಳನ್ನೂ ಪರೀಕ್ಷಿಸದೆ ನಂಬಬಾರದು. 58 ಸಿಸಿ, 62 ಸಿಸಿ ಎಂದು ಸ್ಟಿಕರ್ ಅಂಟಿಸಿಕೊಂಡು ಬರುವ ಎಂಜಿನ್‌ಗಳಲ್ಲಿ ಎಷ್ಟೋ ಅಷ್ಟು ದೊಡ್ಡವಲ್ಲ. ಸಿಲಿಂಡರಿನ ಒಳವ್ಯಾಸವನ್ನೂ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರವನ್ನೂ ಅಳೆದರೆ ಯಾವ ಮೆಕ್ಯಾನಿಕ್ ಬೇಕಾದರೂ ಇದನ್ನು ಕಂಡುಹಿಡಿಯಬಹುದು: ಒಳವ್ಯಾಸ 43 ಮಿಲಿಮೀಟರ್, ಚಲನೆ 31 ಮಿಲಿಮೀಟರ್ ಇದ್ದರೆ ಆ ಎಂಜಿನ್ 45 ಸಿಸಿಯದು, ಮೇಲೆ ಏನೇ ಬರೆದಿರಲಿ. ಹಾಗೆ ನೋಡಿದರೆ 45 ಸಿಸಿ ಎಂಜಿನ್ ಉರುವಲು ಕೊಯ್ಯಲು ಧಾರಾಳ ಸಾಕು. ತೊಂದರೆ ಬರುವುದು, ಸುಳ್ಳು ಅಂಕಿಗೆ ತಕ್ಕಂತೆ ತೋರಲೆಂದು ಅದಕ್ಕೆ 20 ಅಥವಾ 22 ಇಂಚಿನ ಬಾರ್, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಲೋಹದ ಹಲಗೆ, ಜೋಡಿಸುವುದರಿಂದ. ಅಷ್ಟು ಉದ್ದದ ಬಾರ್ ಮರದಲ್ಲಿ ಪೂರ್ತಿ ಮುಳುಗಿದಾಗ ಎಂಜಿನ್ ಏದುಸಿರು ಬಿಡುತ್ತದೆ, ಕ್ಲಚ್ ಜಾರಿ ಕಾಯುತ್ತದೆ, ಕೆಲಸಗಾರ ಮೈಭಾರ ಹಾಕಿ ಒತ್ತತೊಡಗುತ್ತಾನೆ. ಅದೇ ಎಂಜಿನ್ನಿಗೆ 16 ಇಂಚಿನ ಬಾರ್ ಹಾಕಿದರೆ ಅದು ಸರಾಗವಾಗಿ ಕೊಯ್ಯುತ್ತದೆ.

ಬ್ಯಾಟರಿಯ ಪುಟ್ಟ ಚೈನ್‌ಸಾಗಳಲ್ಲಿ ಈ ಸುಳ್ಳು ಇನ್ನೂ ನಿರ್ಲಜ್ಜವಾದುದು. ಬ್ಯಾಟರಿಯ ಮೇಲೆ 48 ಅಥವಾ 88 ಎಂಬ ಅಂಕಿಯನ್ನು ವೋಲ್ಟೇಜ್ ಎಂದೇ ತೋರುವಂತೆ ಅಚ್ಚು ಹಾಕಿರುತ್ತಾರೆ. ತಿರುಪು ಬಿಚ್ಚಿ ಒಳಗೆ ನೋಡಿದರೆ ಸಾಮಾನ್ಯವಾಗಿ ಸಿಗುವುದು ಸಾಲಾಗಿ ಜೋಡಿಸಿದ ಐದು ಲಿಥಿಯಂ ಸೆಲ್‌ಗಳು, ಒಂದೊಂದರದು 3.6 ವೋಲ್ಟ್, ಒಟ್ಟು 18, ಪೂರ್ತಿ ಚಾರ್ಜ್ ಆದಾಗ 21. ಹತ್ತು ಸೆಲ್ ಇದ್ದರೂ ಅವು ಎರಡೆರಡಾಗಿ ಜೊತೆಗೂಡಿರುವುದರಿಂದ ಓಡುವ ಹೊತ್ತು ಹೆಚ್ಚುತ್ತದೆಯೇ ಹೊರತು ವೋಲ್ಟೇಜ್ ಹೆಚ್ಚುವುದಿಲ್ಲ. ಈ ಪುಟ್ಟ ಯಂತ್ರಗಳಲ್ಲಿ ಅನೇಕವಕ್ಕೆ ಓಡುವ ಚೈನನ್ನು ಥಟ್ಟನೆ ನಿಲ್ಲಿಸುವ ಚೈನ್ ಬ್ರೇಕ್ ಇಲ್ಲ, ಚೈನಿಗೆ ಎಣ್ಣೆ ಹಾಯಿಸುವ ಪಂಪೂ ಇಲ್ಲ. ಒಂದು ಕೈಯಲ್ಲಿ ಯಂತ್ರ ಹಿಡಿದು ಇನ್ನೊಂದು ಕೈಯಿಂದ ಕೊಂಬೆ ಹಿಡಿದುಕೊಂಡು ಕೊಯ್ಯುವ ಚಿತ್ರವನ್ನು ಜಾಹೀರಾತಿನಲ್ಲಿ ಹಾಕಿರುವುದನ್ನು ಕಂಡಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಏಕೆಂದರೆ ಕೈ ಕತ್ತರಿಸಿಕೊಳ್ಳಲು ಅದಕ್ಕಿಂತ ನೇರವಾದ ದಾರಿ ಇನ್ನೊಂದಿಲ್ಲ. ಆ್ಯಂಗಲ್ ಗ್ರೈಂಡರಿಗೆ ಸಿಕ್ಕಿಸುವ, ಅಂಚಿಗೆ ಚೈನ್ ಸುತ್ತಿದ ತಟ್ಟೆಗಳ ಬಗ್ಗೆ ಹೇಳಬೇಕಾದದ್ದು ಒಂದೇ ಮಾತು: ಯಾರೂ ಕೊಳ್ಳಬೇಡಿ.

ಇನ್ನು ಪೆಟ್ರೋಲ್ ಯಂತ್ರ ಎಲ್ಲಿ ಕೈಕೊಡುತ್ತದೆ ಎಂಬುದು. ಚೈನ್‌ಸಾದ ಟೂ ಸ್ಟ್ರೋಕ್ ಎಂಜಿನ್ನಿಗೆ ಪ್ರತ್ಯೇಕ ಆಯಿಲ್ ಇರುವುದಿಲ್ಲ. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲೇ ಪಿಸ್ಟನ್ನನ್ನೂ ಬೇರಿಂಗುಗಳನ್ನೂ ಕಾಯಬೇಕು. ಅಗ್ಗದ ಯಂತ್ರದಲ್ಲಿ ಕ್ರ್ಯಾಂಕಿನ ಎರಡು ಬದಿಯ ರಬ್ಬರ್ ಸೀಲುಗಳು, ಕಾರ್ಬುರೇಟರ್ ಕೂರುವ ರಬ್ಬರ್ ಕೊಳವೆ ಮತ್ತು ಪೆಟ್ರೋಲ್ ಪೈಪು ಬೇಗ ಗಡುಸಾಗಿ ಬಿರುಕು ಬಿಡುತ್ತವೆ. ಪೆಟ್ರೋಲಿನಲ್ಲಿ ಎಥನಾಲ್ ಇದ್ದರಂತೂ ಇನ್ನೂ ಬೇಗ. ಆ ಬಿರುಕಿನಿಂದ ಗಾಳಿ ಒಳಗೆ ನುಗ್ಗಿದಾಗ ಮಿಶ್ರಣದಲ್ಲಿ ಪೆಟ್ರೋಲಿನ ಪ್ರಮಾಣ ಇಳಿಯುತ್ತದೆ, ಅದರೊಂದಿಗೆ ಆಯಿಲೂ ಇಳಿಯುತ್ತದೆ, ಶಾಖ ಏರುತ್ತದೆ. ವಿಚಿತ್ರವೆಂದರೆ ಆ ಹೊತ್ತಿನಲ್ಲಿ ಎಂಜಿನ್ ಎಂದಿಗಿಂತ ಜೋರಾಗಿ ಓಡುತ್ತದೆ, ಹಿಡಿದವನಿಗೆ ಯಂತ್ರ ಚೆನ್ನಾಗಿ ಎಳೆಯುತ್ತಿದೆ ಎಂದೇ ಅನ್ನಿಸುತ್ತದೆ. ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಸಿಲಿಂಡರನ್ನು ಕಚ್ಚಿಕೊಂಡು ನಿಲ್ಲುತ್ತದೆ. ಸೈಲೆನ್ಸರ್ ಬಿಚ್ಚಿ ಹೊಗೆ ಹೋಗುವ ಕಿಂಡಿಯಿಂದ ಟಾರ್ಚ್ ಹಾಕಿ ನೋಡಿದರೆ ಪಿಸ್ಟನ್ನಿನ ಮೈಮೇಲೆ ಉಗುರಿನಿಂದ ಗೀರಿದಂತೆ ಮೇಲಿನಿಂದ ಕೆಳಕ್ಕೆ ಗೆರೆಗಳು ಕಾಣುತ್ತವೆ. ಬಳಸಿದ ಯಂತ್ರವನ್ನು ಕೊಳ್ಳುವವರು ಹಣ ಕೊಡುವ ಮುನ್ನ ಈ ಕಿಂಡಿಯೊಳಗೆ ನೋಡಲೇಬೇಕು.

ಇದನ್ನು ತಡೆಯುವುದು ಕಷ್ಟವಲ್ಲ, ಆದರೆ ತಿಳಿದಿರಬೇಕು. ಯಂತ್ರದ ಪುಸ್ತಕದಲ್ಲಿ 25:1 ಎಂದಿದ್ದರೆ ಒಂದು ಲೀಟರ್ ಪೆಟ್ರೋಲಿಗೆ 40 ಮಿಲಿ ಟೂ ಸ್ಟ್ರೋಕ್ ಆಯಿಲ್ ಬೆರೆಸಬೇಕು. ಬೇರೆ ಕಂಪನಿಯ ಯಂತ್ರಕ್ಕೆ 50:1, ಅಂದರೆ 20 ಮಿಲಿ ಸಾಕು ಎಂದು ಕೇಳಿದ್ದನ್ನು ಇದಕ್ಕೆ ಅನ್ವಯಿಸಬಾರದು. ಪೆಟ್ರೋಲ್ ಪೈಪು, ಫಿಲ್ಟರ್, ಸ್ಪಾರ್ಕ್ ಪ್ಲಗ್ ಈ ಮೂರನ್ನು ಆರಂಭದಲ್ಲೇ ಒಳ್ಳೆಯದಕ್ಕೆ ಬದಲಿಸಿಕೊಂಡು, ತಿರುಪುಗಳನ್ನೆಲ್ಲ ಒಮ್ಮೆ ಬಿಗಿ ಮಾಡಿಸಿ, ಕಾರ್ಬುರೇಟರನ್ನು ತಿಳಿದವರಿಂದ ಹೊಂದಿಸಿಕೊಂಡರೆ, ವರ್ಷದಲ್ಲಿ ಕೆಲವು ಗಂಟೆ ಮಾತ್ರ ಓಡುವ ಅಗ್ಗದ ಯಂತ್ರ ಹಲವು ವರ್ಷ ಬಾಳುವುದನ್ನು ನಾನು ಕಂಡಿದ್ದೇನೆ. ಪೆಟ್ಟಿಗೆಯಲ್ಲಿ ಬರುವ ಚೈನನ್ನಂತೂ ನಂಬಬೇಡಿ. ಅದರ ಉಕ್ಕು ಮೆದು. ಗಟ್ಟಿ ಮರದಲ್ಲಿ ನಾಲ್ಕು ಕಡೆ ಕೊಯ್ಯುವಷ್ಟರಲ್ಲಿ ಮೊಂಡಾಗುತ್ತದೆ, ಎಳೆದು ಉದ್ದವಾಗಿ ಬಾರಿನಿಂದ ಕಳಚಿಕೊಳ್ಳುತ್ತದೆ. ಅದೇ ಅಳತೆಯ ಒಳ್ಳೆಯ ಚೈನ್ ಹಾಕಿಸಿ, ಹೊಂದುವ ಅರ ಒಂದನ್ನು ಕೊಂಡು, ಹರಿತ ಮಾಡುವುದನ್ನು ಕಲಿಯಿರಿ, 0.325 ಇಂಚು ಪಿಚ್ಚಿನ (ಪಿಚ್ ಎಂದರೆ ಚೈನಿನ ಕೊಂಡಿಗಳ ಅಂತರದ ಅಳತೆ) ಚೈನಿಗೆ 4.8 ಮಿಲಿಮೀಟರಿನ ದುಂಡು ಅರ ಬೇಕು. ಹರಿತವಾದ ಚೈನ್ ಮರದಿಂದ ಚಕ್ಕೆಗಳನ್ನು ಉಗುಳುತ್ತದೆ. ಹಿಟ್ಟಿನಂಥ ಹುಡಿ ಬೀಳತೊಡಗಿದರೆ ಚೈನ್ ಮೊಂಡಾಗಿದೆ ಎಂದರ್ಥ, ಕೆಲಸ ಅಲ್ಲಿಗೇ ನಿಲ್ಲಬೇಕು.

ಇಷ್ಟೂ ಹಣದ ಮಾತಾಯಿತು. ಎಂಜಿನ್ ಕೆಟ್ಟರೆ ಕೆಡುವುದು ಎಂಜಿನ್ ಮಾತ್ರ. ಬ್ರೇಕ್ ಕೆಟ್ಟರೆ ಹೋಗುವುದು ಮನುಷ್ಯನ ಮುಖ, ಕುತ್ತಿಗೆ, ಭುಜ. ಬಾರಿನ ತುದಿಯ ಮೇಲ್ಭಾಗ ಒಂದು ಕೊಂಬೆಗೋ ಪಕ್ಕದ ದಿಮ್ಮಿಗೋ ತಗುಲಿದರೆ ಚೈನಿನ ವೇಗವೆಲ್ಲ ಬಾರನ್ನು ಮೇಲಕ್ಕೂ ಹಿಂದಕ್ಕೂ, ಹಿಡಿದವನ ಕಡೆಗೇ ಎಸೆಯುತ್ತದೆ. ಪೂರ್ತಿ ರೇಸ್ ಕೊಟ್ಟಾಗ ಚೈನ್ ಸೆಕೆಂಡಿಗೆ 20 ಮೀಟರಿನಷ್ಟು ವೇಗದಲ್ಲಿರುತ್ತದೆ. ಕಣ್ಣಿಗೆ ಕಂಡು ಕೈ ಕದಲುವಷ್ಟರಲ್ಲಿ ಒಂದು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಕಳೆದಿರುತ್ತದೆ. ಅಷ್ಟರಲ್ಲಿ ನಾಲ್ಕು ಮೀಟರ್ ಚೈನ್ ಓಡಿರುತ್ತದೆ. ಇಲ್ಲಿ ಅನುಭವ, ಜಾಗರೂಕತೆ, ತೋಳ್ಬಲ ಯಾವುದೂ ಕೆಲಸಕ್ಕೆ ಬರುವುದಿಲ್ಲ. ಅದಕ್ಕಾಗಿಯೇ ಮುಂದಿನ ಹ್ಯಾಂಡಲ್ಲಿನ ಎದುರು ಇರುವ ಗಾರ್ಡಿಗೆ ಬ್ರೇಕ್ ಜೋಡಿಸಲಾಗಿದೆ: ಗಾರ್ಡು ಮುಂದಕ್ಕೆ ಬಾಗಿದೊಡನೆ ಒಂದು ಉಕ್ಕಿನ ಪಟ್ಟಿ ಕ್ಲಚ್ಚಿನ ಡ್ರಮ್ಮನ್ನು ಬಿಗಿದು ಚೈನನ್ನು ನಿಲ್ಲಿಸುತ್ತದೆ. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಇದು ಸರಾಸರಿ 0.12 ಸೆಕೆಂಡಿನೊಳಗೆ ಆಗಬೇಕು. ಅಗ್ಗದ ಯಂತ್ರಗಳಲ್ಲಿ ನಾನು ಕಾಣುವುದೇನೆಂದರೆ, ಪಟ್ಟಿ ತೆಳ್ಳಗಿದ್ದು ಕೆಲವೇ ದಿನಗಳಲ್ಲಿ ಕಾದು ನೀಲಿಯಾಗಿರುತ್ತದೆ, ಸ್ಪ್ರಿಂಗ್ ಸಡಿಲವಾಗಿರುತ್ತದೆ, ಎಣ್ಣೆ ಮತ್ತು ಹುಡಿ ಮೆತ್ತಿಕೊಂಡು ಪಟ್ಟಿ ಜಾರುತ್ತದೆ. ಗಾರ್ಡು ಟಕ್ ಎಂದು ಶಬ್ದ ಮಾಡಿ ಮುಂದಕ್ಕೆ ಹೋಗುತ್ತದೆ, ಚೈನ್ ಮಾತ್ರ ಓಡುತ್ತಲೇ ಇರುತ್ತದೆ. 1960ರ ದಶಕದ ವಿನ್ಯಾಸವನ್ನು ಅನುಸರಿಸಿ ತಯಾರಾಗುವ, ನೂರು ಸಿಸಿಗೂ ಮೀರಿದ ಕೆಲವು ದೊಡ್ಡ ಯಂತ್ರಗಳಲ್ಲಂತೂ ಬ್ರೇಕೇ ಇಲ್ಲ. ಯುರೋಪ್ ಒಕ್ಕೂಟದಲ್ಲಿ ಅಪಾಯಕಾರಿ ಸರಕುಗಳ ಬಗ್ಗೆ ಎಚ್ಚರಿಸುವ ಸೇಫ್ಟಿ ಗೇಟ್ ಎಂಬ ವ್ಯವಸ್ಥೆಯಲ್ಲಿ ಚೈನ್‌ಸಾಗಳು ಮತ್ತೆ ಮತ್ತೆ ಕಾಣಿಸಿಕೊಂಡಿವೆ.

ಕೊಳ್ಳುವ ಮುನ್ನ ಇದನ್ನು ಪರೀಕ್ಷಿಸಬೇಕು. ಯಂತ್ರವನ್ನು ಎರಡೂ ಕೈಯಲ್ಲಿ ಭದ್ರವಾಗಿ ಹಿಡಿದು, ಬಾರ್ ಯಾವುದಕ್ಕೂ ತಾಗದಂತೆ ನೋಡಿಕೊಂಡು, ರೇಸ್ ಕೊಟ್ಟು, ಎಡಗೈ ಹ್ಯಾಂಡಲ್ ಬಿಡದಂತೆ ಮಣಿಕಟ್ಟಿನಿಂದ ಗಾರ್ಡನ್ನು ಮುಂದಕ್ಕೆ ತಳ್ಳಿದರೆ ಚೈನ್ ಆ ಕ್ಷಣವೇ ನಿಲ್ಲಬೇಕು. ನಿಧಾನಕ್ಕೆ ನಿಂತಿತು ಎನ್ನುವುದೂ ನಿಲ್ಲಲಿಲ್ಲ ಎನ್ನುವುದೂ ಒಂದೇ. ಪರೀಕ್ಷಿಸಲು ಬಿಡದ ಮಾರಾಟಗಾರನಿಂದ ಯಂತ್ರ ಕೊಳ್ಳುವ ಅಗತ್ಯ ಯಾರಿಗೂ ಇಲ್ಲ; ಅಂಚೆಯಲ್ಲಿ ತರಿಸಿದ್ದಾದರೆ ಹಿಂತಿರುಗಿಸುವ ಗಡುವಿನೊಳಗೆ ಈ ಪರೀಕ್ಷೆ ಮುಗಿಯಬೇಕು.

ಪತ್ರದ ಶಿರೋನಾಮೆಯಲ್ಲಿ ಹೇಳಿದ ವಿಷಯ ಇಲ್ಲಿಗೆ ಬರುತ್ತದೆ. ತನ್ನ ಹಿತ್ತಲಿನ ಮರಕ್ಕೆಂದು ಯಂತ್ರ ಕೊಂಡು ತಾನೇ ಬಳಸುವವನು ತನ್ನ ಅಪಾಯವನ್ನು ತಾನೇ ತೂಗಿ ನೋಡಿಕೊಳ್ಳಬಹುದು. ಆದರೆ ಯಂತ್ರದ ಮಾಲೀಕ ಒಬ್ಬ, ದಿನಗೂಲಿಗೆ ಅದನ್ನು ಹಿಡಿಯುವವನು ಇನ್ನೊಬ್ಬ ಆಗಿರುವಲ್ಲಿ, ಬೆಲೆಯಲ್ಲಿ ಉಳಿದ ಹಣ ಮಾಲೀಕನಿಗೆ ಸೇರುತ್ತದೆ, ಆ ಉಳಿತಾಯದ ನೋವು ಕೂಲಿಯವನ ಪಾಲಾಗುತ್ತದೆ. ಇದು ಅಪಘಾತಕ್ಕಷ್ಟೇ ಸಂಬಂಧಿಸಿದ ಮಾತಲ್ಲ. ಹ್ಯಾಂಡಲ್ಲಿಗೂ ಎಂಜಿನ್ನಿಗೂ ನಡುವೆ ಸ್ಪ್ರಿಂಗ್ ಅಥವಾ ಒಳ್ಳೆಯ ರಬ್ಬರ್ ಇಲ್ಲದ ಯಂತ್ರದ ನಡುಕ ನೇರವಾಗಿ ಬೆರಳುಗಳಿಗೆ ಇಳಿಯುತ್ತದೆ. ವರ್ಷಗಟ್ಟಲೆ ಹೀಗೆ ದುಡಿದವರ ಬೆರಳಿನ ರಕ್ತನಾಳ, ನರಗಳಿಗೆ ಪೆಟ್ಟು ಬಿದ್ದು, ಚಳಿಯಲ್ಲಿ ಬೆರಳು ಬಿಳಿಚಿಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗದಂತಾಗುತ್ತದೆ. ಬಲಿತ ಮೇಲೆ ಅದು ವಾಸಿಯಾಗುವ ಕಾಯಿಲೆಯಲ್ಲ. ಯುರೋಪ್ ಒಕ್ಕೂಟದ 2002ರ ನಿರ್ದೇಶನವು ಕೈಗೆ ತಗಲುವ ನಡುಕಕ್ಕೆ ಎಂಟು ಗಂಟೆಯ ದಿನಕ್ಕೆ 5 ಮೀಟರ್ ಪ್ರತಿ ಸೆಕೆಂಡ್ ವರ್ಗ ಎಂಬ ಮಿತಿಯನ್ನು ಹಾಕಿದೆ. ನಡುಕ ಇಮ್ಮಡಿಯಾದರೆ ದುಡಿಯಬಹುದಾದ ಅವಧಿ ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ: 10ರಷ್ಟು ನಡುಗುವ ಯಂತ್ರವನ್ನು ಎರಡು ಗಂಟೆ ಹಿಡಿದರೆ ದಿನದ ಮಿತಿ ಮುಗಿಯಿತು. ಇಡೀ ದಿನ ಮರ ಕೊಯ್ಯಿಸುವವರು ನಡುಕದ ಅಂಕಿಯನ್ನೇ ಮುದ್ರಿಸದ ಯಂತ್ರವನ್ನು ಕೆಲಸಗಾರನ ಕೈಗೆ ಕೊಡುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ. ಅಂಥ ಕೆಲಸಕ್ಕೆ ಅಗ್ಗದ ಯಂತ್ರ ಬೇಡ. ಹೊಸದಕ್ಕೆ ಹಣ ಸಾಲದಿದ್ದರೆ ಒಳ್ಳೆಯ ಕಂಪನಿಯ ಬಳಸಿದ ಯಂತ್ರವನ್ನು ನೋಡಿ ಕೊಳ್ಳುವುದು ಮೇಲು.

ಯಾವ ಯಂತ್ರವಾದರೂ ಸರಿ, ಅದರ ಜೊತೆಗೆ ಹೆಲ್ಮೆಟ್, ಮುಖದ ಜಾಲರಿ, ಕಿವಿಯ ಮುಚ್ಚಳ, ಗಟ್ಟಿ ಬೂಟು ಮತ್ತು ಚೈನ್ ತಡೆಯುವ ಪ್ಯಾಂಟಿನ ಬೆಲೆಯನ್ನು ಕೂಡಿಸಿಯೇ ಲೆಕ್ಕ ಹಾಕಬೇಕು. ಯಂತ್ರದ ಸದ್ದು 100 ಡೆಸಿಬೆಲ್ ದಾಟುತ್ತದೆ. ಆ ಪ್ಯಾಂಟಿನೊಳಗೆ ಪದರ ಪದರವಾಗಿ ಉದ್ದನೆಯ ನಾರುಗಳಿರುತ್ತವೆ. ಚೈನ್ ಬಟ್ಟೆಗೆ ತಾಗಿದೊಡನೆ ಅವು ಎಳೆದುಕೊಂಡು ಹೋಗಿ ಚೈನ್ ತಿರುಗಿಸುವ ಹಲ್ಲಿನ ಚಕ್ರಕ್ಕೆ (ಸ್ಪ್ರಾಕೆಟ್) ಸುತ್ತಿ ಚೈನನ್ನು ನಿಲ್ಲಿಸುತ್ತವೆ. ಒಂದನೆಯ ದರ್ಜೆಯ ಬಟ್ಟೆಯನ್ನು ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ ಒಡ್ಡಿ ಪರೀಕ್ಷಿಸಿರುತ್ತಾರೆ. ಯಂತ್ರದಲ್ಲಿ ಉಳಿಸಿದ ಹಣವನ್ನು ಇದಕ್ಕೆ ಹಾಕಲು ಸಿದ್ಧರಿರುವವರಿಗೆ, ಬಳಕೆ ಅಪರೂಪವಾಗಿದ್ದು ಬ್ರೇಕ್ ಸರಿಯಿದ್ದರೆ, ಆಮದು ಯಂತ್ರ ಕೊಳ್ಳಿ ಎಂದು ನಾನೇ ಹೇಳುತ್ತೇನೆ.

ಆಮದುದಾರರೂ ಮಾರಾಟಗಾರರೂ ಮಾಡಬೇಕಾದ ಕೆಲಸವಿದೆ. ಎಂಜಿನ್ನಿನ ನಿಜವಾದ ಸಿಸಿ, ನಡುಕ ಮತ್ತು ಸದ್ದಿನ ಅಂಕಿಗಳು ಪೆಟ್ಟಿಗೆಯ ಮೇಲೆ ಇರಬೇಕು; ಕೊಳ್ಳುವವರಿಗೆ ಓದಲು ಬರುವ ಭಾಷೆಯಲ್ಲಿ ಬಳಕೆಯ ಪುಸ್ತಕ ಇರಬೇಕು; ಬ್ರೇಕಿನ ಪಟ್ಟಿ, ಸೀಲು, ಆಯಿಲ್ ಪಂಪು ಇವು ಬಿಡಿಯಾಗಿ ಸಿಗುವಂತೆ ನೋಡಿಕೊಳ್ಳಬೇಕು. ಒಂದು ಸಣ್ಣ ಪಟ್ಟಿ ಸಿಗಲಿಲ್ಲವೆಂದು ಬ್ರೇಕನ್ನೇ ಕಳಚಿ ಎಸೆದು ಕೆಲಸ ಮುಂದುವರಿಸಿದ ಯಂತ್ರಗಳು ನನ್ನ ಮುಂದೆ ಬಂದಿವೆ. ಬ್ರೇಕ್ ಹಿಡಿಯದ ಯಂತ್ರ ರಿಪೇರಿಗೆ ಬಂದಾಗ ಎಂಜಿನ್ ಮಾತ್ರ ಸರಿಮಾಡಿ ಕೊಡಿ ಎಂದು ಗಿರಾಕಿ ಎಷ್ಟೇ ಒತ್ತಾಯಿಸಿದರೂ, ಬ್ರೇಕ್ ಸರಿಯಾಗುವವರೆಗೆ ಆ ಎಂಜಿನ್ನನ್ನು ನಾನು ಸ್ಟಾರ್ಟ್ ಮಾಡಿಕೊಡುವುದಿಲ್ಲ. ಈ ವೃತ್ತಿಯಲ್ಲಿರುವ ಉಳಿದವರೂ ಇದನ್ನೇ ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸಣ್ಣ ಎಂಜಿನ್‌ಗಳ ರಿಪೇರಿಗಾರ