ಹುಕ್ ವೆಲ್ಡಿಂಗ್ ಬಂದ್ ಮಾಡೀವಿ, ಯಾಕಂತ ಜರಾ ಓದ್ರಿ

ನಮ್ಮ ಎಲ್ಲಾ ಗಿರಾಕಿ ಅಣ್ಣಾರಿಗೆ, ಕಾಕಾರಿಗೆ ಶರಣ್ರಿ.

ಬರೋ ಒಂದನೇ ತಾರೀಖಿನಿಂದ ನಮ್ಮ ಹುಮನಾಬಾದ್ ರೋಡ್ ವರ್ಕ್‌ಶಾಪ್‌ದಾಗ ಪಿಕಪ್ ಚಾಸಿಗೆ ಟ್ರೇಲರ್ ಎಳೆಯೋ ಹುಕ್ ವೆಲ್ಡಿಂಗ್ ಹೊಡೆಯೋದು ಪೂರಾ ಬಂದ್. ಇನ್ನ ಮುಂದ ಬೋಲ್ಟಿನ ಹಿಚ್ (ಬೋಲ್ಟಿಲೆ ಬಿಗಿಯೋ ಟ್ರೇಲರ್ ಕೊಂಡಿ) ಅಷ್ಟೇ ಹಾಕ್ತೀವಿ, ಅದೂ ನೀವು ಎಳೆಯೋ ಟ್ರೇಲರ್ ಒಮ್ಮೆ ಶಾಪಿಗೆ ತಂದು ತೋರಿಸಿದ ಮ್ಯಾಲೇ. "ಇಷ್ಟ್ ದಿನ ನೀವೇ ಹೊಡದ್ ಕೊಟ್ಟೀರಿ, ಈಗೇನಾಯ್ತು" ಅಂತ ಫೋನ್ ಮ್ಯಾಲ ಫೋನ್ ಬರಲಕತ್ತಾವ, ಅದಕ್ಕೇ ಬರದ್ ತಿಳಸ್ತಿದ್ದೀವಿ.

ಮಳಿಗಾಲದಾಗ ಕಾಂಕ್ರೀಟ್ ಮಿಕ್ಸರ್ ಎಳೆಯೋ ಒಂದು ಗಾಡಿ ಬ್ರೇಕ್ ಕೆಲಸಕ್ಕ ಬಂದಿತ್ತು. ಹಿಂದಿನ ಕರಿ ಮಣ್ಣಿನ ಕೆಸರು ನೀರ್ ಹೊಡದು ತೊಳದ್ವಿ, ನಾವೇ ಹೊಡದ ವೆಲ್ಡಿಂಗ್ ಬಾಜೂಕ ಕೂದಲೆಳಿಯಷ್ಟು ಒಂದು ಕೆಂಪು ಗೆರಿ ಕಾಣ್ತು. ಉಗುರಿಲೆ ಕೆರದ್ವಿ, ಹೋಗ್ಲಿಲ್ಲ. ಬಿರುಕು, ಒಳಗ ಜಂಗ್ ಇಳದಿತ್ತು. ವೆಲ್ಡಿಂಗ್ ಗಟ್ಟಿನೇ ಇತ್ತು ಮತ್ತ, ಅದರ ಅಂಚಿಗಿನ ಚಾಸಿ ಪಟ್ಟಿನೇ ಸೀಳಿತ್ತು. ಕಾವಿಗೆ ಆ ಜಾಗದ ಉಕ್ಕಿನ ಗುಣ ಕೆಡ್ತದ, ಎಳತ ಎಲ್ಲಾ ಆ ಅಂಚಿಗೇ ಬಂದು ಕೂಡ್ತದ, ತಗ್ಗಿನ್ಯಾಗ ಇಳದು ಏರೋ ಒಂದೊಂದು ಝಟಕಾಕ್ಕ ಬಿರುಕು ಜರಾ ಜರಾ ಮುಂದ ಸರೀತದ. ಜೇವರ್ಗಿ ರೋಡಿನ್ಯಾಗ ಆ ಮಿಕ್ಸರ್ ಕಳಚಿದ್ದಿದ್ರ? ಅವತ್ತು ರಾತ್ರಿ ನಮಗ್ಯಾರಿಗೂ ನಿದ್ದಿ ಬರ್ಲಿಲ್ಲ. ನಮ್ಮ ಕೈಲೇ ಆದ ತಪ್ಪು, ಒಪ್ಕೋತೀವಿ.

ಇನ್ನ ಕಮಾನ್ ಪಾಟಾದ ಮಾತು, ಅಂದ್ರ ಆಕ್ಸಲ್ ಮ್ಯಾಲ ಗಾಡಿ ತೂಕ ಹೊರೋ ಸ್ಪ್ರಿಂಗ್ ಪಟ್ಟಿ. "ಹಿಂದ ಕುಂತದ, ಇನ್ನೆರಡು ಪಾಟಾ ಹಾಕು" ಅಂತ ಬರೋರೇ ಜಾಸ್ತಿ. ಇದೂ ಕೇಳಿದ ಕೂಡ್ಲೆ ಹಾಕಲ್ಲ ಇನ್ನ. ಬಾಳಷ್ಟು ಪಿಕಪ್‌ದಾಗ ಹಿಂದಿನ ಆಕ್ಸಲ್‌ಗೆ ಒಂದು ಕಡ್ಡಿಲೆ ಜೋಡ್ಸಿದ ಬ್ರೇಕ್ ವಾಲ್ ಇರ್ತದ, ಗಾಡಿ ಹಿಂದ ಕುಂತಷ್ಟೂ ಲೋಡ್ ಅದ ಅಂತ ತಿಳದು ಹಿಂದಿನ ಗಾಲಿಗೆ ಬ್ರೇಕ್ ಜಾಸ್ತಿ ಬಿಡ್ತದ. ನಾವು ಪಾಟಾ ಏರಿಸಿ ಗಾಡಿ ಎತ್ತಿ ನಿಲ್ಲಿಸಿಬಿಟ್ರ ಅದು ಟನ್ನಗಟ್ಟಲೆ ಲೋಡ್ ಇದ್ರೂ ಖಾಲಿ ಅದ ಅಂತ್ಲೇ ತಿಳ್ಕೋತದ, ಹಿಂದಿನ ಬ್ರೇಕ್ ಕಮ್ಮಿ ಆಗ್ತದ, ನೀವು ಲೈನರ್ ಸವದಾದಂತ ಲೈನರ್ ಬದಲಿ ಮಾಡ್ಕೋತ ಕುಂದರ್ತೀರಿ. ಅದಕ್ಕ ಪಾಟಾ ಹಾಕಿದ್ರ ವಾಲ್ ಸೆಟ್ಟಿಂಗೂ ನೋಡ್ಬೇಕು, ಹೆಡ್‌ಲೈಟೂ ನೋಡ್ಬೇಕು. ಪಾಟಾ ಆಕ್ಸಲ್‌ಗೆ ಹಿಡಿಯೋ ಹಳೇ ಯು ಬೋಲ್ಟ್ ತಿರುಗಿ ಹಾಕಲ್ಲ, ಹೊಸಾವೇ. ಪಾಟಾಕ್ಕ ಗ್ಯಾಸ್ ಹಚ್ಚಿ ಬಗ್ಗಸೋದಂತೂ ಇಲ್ಲೇ ಇಲ್ಲ, ಅದರ ಹದ ಇಳದು ಮುಂದ ಪಟ್ ಅಂತ ಮುರೀತದ.

ಟ್ರೇಲರ್ ಯಾಕ ತರ್ಬೇಕಂದ್ರ ಮೂತಿ ತೂಕ ನೋಡ್ಲಿಕ್ಕೆ, ಅಂದ್ರ ಹಿಚ್ಚಿಗೆ ಸಿಗಸೋ ಮುಂದಿನ ತುದಿ ಕೆಳಗ ಒತ್ತೋ ತೂಕ. ತೊಗರಿ ಚೀಲ ತೂಗೋ ಕಾಟಾದ ಮ್ಯಾಲೇ ಟ್ರೇಲರ್ ಮೂತಿ ಇಟ್ಟು ತೂಗ್ತೀವಿ. ಲೋಡ್ ಸಹಿತ 1200 ಕೆಜಿ ಟ್ರೇಲರ್ ಇದ್ರ ಮೂತಿ ಮ್ಯಾಲ ಹತ್ತು ಪರ್ಸೆಂಟ್, ಅಂದ್ರ 120 ಕೆಜಿ ಹತ್ತರ ಬರ್ಬೇಕು. ಬಾಳ ಕಮ್ಮಿ ಆದ್ರ ಸ್ಪೀಡಿನ್ಯಾಗ ಟ್ರೇಲರ್ ಆ ಕಡಿ ಈ ಕಡಿ ಜೋಲಿ ಹೊಡೀತದ. ಜಾಸ್ತಿ ಆದ್ರ ಪಿಕಪ್‌ದ ಮುಂದಿನ ಗಾಲಿ ಹಗುರ ಆಗ್ತಾವ. ಹಿಂದಿನ ಆಕ್ಸಲ್‌ದಿಂದ 1.2 ಮೀಟರ್ ಹಿಂದ ಹಿಚ್ ಇದ್ದು, ಎರಡು ಆಕ್ಸಲ್ ನಡುವ 2.8 ಮೀಟರ್ ಇದ್ರ, ಆ 120 ಕೆಜಿಗೇ ಮುಂದಿನ ಗಾಲಿ ಮ್ಯಾಲಿಂದ ಸುಮಾರು 50 ಕೆಜಿ ಎದ್ದು ಹೋಗ್ತದ, ಒಂದು ತೊಗರಿ ಚೀಲ ಅನ್ಕೋರಿ. ಸ್ಟೇರಿಂಗ್ ಹಗುರ ಆಗ್ಯಾದಂತ ಖುಷಿ ಪಡೋರು ಅದಾರ, ಖುಷಿ ಪಡೋ ಮಾತಲ್ಲ ಅದು.

ಹಿಚ್ಚಿಗೆ 8.8 ನಂಬರಿನ (ಗಟ್ಟಿ ಉಕ್ಕಿನ) ಬೋಲ್ಟ್, ಟಾರ್ಕ್ ಪಾನಾಲೆ (ಬಿಗಿ ಅಳೆಯೋ ಪಾನಾ) ಬಿಗಿ, 500 ಕಿಲೋಮೀಟರ್ ಓಡಿದ ಮ್ಯಾಲ ತಿರುಗಿ ಬಂದು ಬಿಗಿ ಮಾಡ್ಸಲೇಬೇಕು, ಅದಕ್ಕ ರೊಕ್ಕ ಇಲ್ಲ. ಸೇಫ್ಟಿ ಸರಪಳಿ ಎರಡು, ಮೂತಿ ಕೆಳಗ ಕತ್ತರಿಗತೆ, ಹಿಚ್ ಕಳಚಿದ್ರೂ ಮೂತಿ ನೆಲಕ್ಕ ಬೀಳ್ದಂಗ ಅದರ ಮ್ಯಾಲ ಕುಂದರ್ತದ.

ಮತ್ತ ಒಂದು ಮಾತು, ಪಾಟಾ ಎಷ್ಟು ಹಾಕಿದ್ರೂ ಆರ್‌ಸಿ ಮ್ಯಾಲಿನ ತೂಕ ಏರಲ್ರಿ. 2019ರ ತಿದ್ದುಪಡಿ ಆದ ಮ್ಯಾಲ ಕಾಯ್ದೆದಾಗ ಓವರ್‌ಲೋಡಿಗೆ 20,000 ರೂಪಾಯಿ ದಂಡ ಅದ, ಮ್ಯಾಲ ಜಾಸ್ತಿ ಇದ್ದ ಟನ್ನಿಗೆ 2,000ದಂಗ. ಗಾಡಿದೂ ಟ್ರೇಲರ್‌ದೂ ಆರ್‌ಸಿ ತರ್ರಿ, ಕಂಪನಿಯವರು ನಿಮ್ಮ ಮಾಡೆಲ್‌ಗೆ ಎಳೆಯೋ ತೂಕ ಕೊಟ್ಟಿಲ್ಲಂದ್ರ ನಾವು ಹಿಚ್ ಹಾಕಲ್ಲ.

ಖರ್ಚು ಮೊದಲಿಗಿಂತ ಹತ್ತತ್ರ ಡಬಲ್ ಆಗ್ತದ, ಟೈಮೂ ಅರ್ಧ ದಿನದ ಬದ್ಲಿ ಎರಡು ದಿನ. ಶರಣಬಸವೇಶ್ವರ ಜಾತ್ರಿಗೆ ಜನರೇಟರ್ ಎಳೆಯೋರು ಮುಂಚೇನೇ ಫೋನ್ ಮಾಡ್ರಿ, ಆಮ್ಯಾಲ ನಡುರಾತ್ರಿ ಬಂದು ಬಾಗ್ಲ ಬಡೀಬ್ಯಾಡ್ರಿ.

ಮೊದಲ ನಮ್ಮ ಹತ್ರ ಹುಕ್ ಹೊಡಸಿದವರು ಒಮ್ಮೆ ಬಂದು ಹೋಗ್ರಿ, ಚೆಕ್ ಮಾಡೋದು ಫ್ರೀ, ಬಿರುಕು ಸಿಕ್ರ ಹಳೇ ಹುಕ್ ತೆಗೆಯೋ ಕೂಲಿನೂ ನಮ್ಮದೇ. ದಾರಿಯಾಗ ಯಾರ ಹತ್ರನೂ ಅದರ ಮ್ಯಾಲೇ ಮತ್ತೊಂದು ವೆಲ್ಡಿಂಗ್ ಎಳಸಬ್ಯಾಡ್ರಿ. ಬರೋ ಮುಂದ ಹಿಂದಿನ ಕೆಸರು ತೊಳಕೊಂಡು ಬರ್ರಿ.

ನಿಮ್ಮ ವರ್ಕ್‌ಶಾಪಿನವರು, ಕಲಬುರಗಿ