ಮನೆ ತೆರಿಗೆ ಮತ್ತು ಹೈಸ್ಕೂಲು

ಸಂಪಾದಕರೇ,

ಅಮೆರಿಕದಲ್ಲಿ ಸರ್ಕಾರಿ ಶಾಲೆಗಳೆಲ್ಲ ಚೆನ್ನಾಗಿರುತ್ತವೆ ಅಂತ ಊರಿನ ಕಡೆ ತುಂಬಾ ಜನ ಹೇಳುತ್ತಾರೆ. ಪೂರ್ತಿ ನಿಜವಲ್ಲ. ಇಲ್ಲಿ ಶಾಲೆ ನಡೆಸುವುದು ಸ್ಕೂಲ್ ಡಿಸ್ಟ್ರಿಕ್ಟ್ (ಜಿಲ್ಲೆಯಲ್ಲ, ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನೋಡಿಕೊಳ್ಳುವ ಸ್ಥಳೀಯ ಸಂಸ್ಥೆ), ಅದರ ದುಡ್ಡಿನಲ್ಲಿ ದೊಡ್ಡ ಪಾಲು ಆಯಾ ಜಾಗದ ಮನೆ ತೆರಿಗೆಯಿಂದಲೇ ಬರುತ್ತದೆ, ಹಾಗಾಗಿ ನಮ್ಮ ಬಡಾವಣೆಯ ಹೈಸ್ಕೂಲಿಗೆ ಈಜುಕೊಳವೂ ಇದೆ, ರಸ್ತೆ ದಾಟಿದರೆ ಸಿಗುವ ಇನ್ನೊಂದು ಡಿಸ್ಟ್ರಿಕ್ಟಿನ ಶಾಲೆಯಲ್ಲಿ ಮಳೆ ಬಂದರೆ ಲ್ಯಾಬಿನೊಳಗೆ ಬಕೆಟ್ ಇಡುತ್ತಾರೆ. ಇದು ಸರಿಯಾ? ಇದೇ ಅನ್ಯಾಯ ಪ್ರಶ್ನಿಸಿದ ಟೆಕ್ಸಸ್‌ನ ಪೋಷಕರು 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಾಧೀಶರ 5–4 ಮತಗಳಿಂದ ಸೋತರು. ರಾಜ್ಯ ಸರ್ಕಾರಗಳು ಒಂದಷ್ಟು ಸರಿದೂಗಿಸುತ್ತವೆ, ಸಾಲದು.

ನಮ್ಮ ಕನ್ನಡಿಗರೂ ಶಾಲೆಯ ರೇಟಿಂಗ್ ನೋಡಿಯೇ ಮನೆ ಕೊಳ್ಳುತ್ತೇವೆ, ಅಲ್ವಾ? ಆದರೆ ಡಿಸ್ಟ್ರಿಕ್ಟಿನ ಆಡಳಿತ ಮಂಡಳಿಯಾದ ಸ್ಕೂಲ್ ಬೋರ್ಡಿನ ಸಭೆಯಲ್ಲಿ ಮುಕ್ಕಾಲು ಕುರ್ಚಿ ಖಾಲಿ. ಮೈಕ್ ಮುಂದೆ ಎರಡು ನಿಮಿಷ ಮಾತಾಡಲು ಪೌರತ್ವ ಬೇಕಿಲ್ಲ. ದಯವಿಟ್ಟು ಹೋಗಿ.

– ಅಮೆರಿಕದಲ್ಲಿರುವ ಒಬ್ಬ ಓದುಗ