ಇಳಾ ಎಂಬ ಹೆಸರಿಗೆ ಇಂಗ್ಲಿಷಿನ ಅಪ್ಪಣೆ ಬೇಕಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಓದುಗರ ಅಂಕಣದಲ್ಲಿ ಮೊನ್ನೆ ಒಬ್ಬರು ಮಕ್ಕಳಿಗೆ ಹೆಸರಿಡುವ ಬಗ್ಗೆ ಬರೆದಿದ್ದರು. ಹೆಸರು ಚಿಕ್ಕದಿರಲಿ, ಆದರೆ ಇಂಗ್ಲಿಷಿನಲ್ಲಿ ಬರೆದರೆ ಯಾರು ಬೇಕಾದರೂ ಓದುವಂತಿರಲಿ, ಳ ಣ ಇರುವ ಹೆಸರಿಟ್ಟು ಮಕ್ಕಳಿಗೆ ಮುಂದೆ ತೊಂದರೆ ಮಾಡಬೇಡಿ ಅನ್ನೋದು ಅವರ ಮಾತು. ಅದಕ್ಕೆ ಅವರು ಉದಾಹರಣೆ ಕೊಟ್ಟದ್ದು ಇಳಾ ಅನ್ನೋ ಹೆಸರನ್ನು. ಓದಿ ಸುಮ್ನೆ ಇರೋಕೆ ಆಗಲಿಲ್ಲ. ನನ್ನ ತಮ್ಮನ ಮಗಳ ಹೆಸರು ಇಳಾ. ತೊಟ್ಟಿಲಿಗೆ ಹಾಕಿದ ದಿನ ಸೋದರತ್ತೆಯಾಗಿ ಅವಳ ಕಿವಿಯಲ್ಲಿ ಕುರ್ರ್ ಅಂತ ಹೇಳಿ ಆ ಹೆಸರು ಕರೆದವಳು ನಾನು, ಹೆಂಗಸರೆಲ್ಲ ಸೇರಿ ಬೆನ್ನಿಗೆ ಗುದ್ದಿದ್ದೂ ನನಗೇ. ಜೊತೆಗೆ ದಾವಣಗೆರೆಯ ಒಂದು ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ನನ್ನದು. ಲಗ್ನಪತ್ರಿಕೆ, ತೊಟ್ಟಿಲು ಕಾರ್ಯಕ್ರಮದ ಕಾರ್ಡು, ಗೃಹಪ್ರವೇಶದ ಕಾರ್ಡು ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಊರಿನವರ ಹೆಸರುಗಳನ್ನೇ ಟೈಪ್ ಮಾಡುತ್ತೇನೆ. ಅದಕ್ಕೇ ಈ ಪತ್ರ.

ತೊಂದರೆ ಇಲ್ಲವೇ ಇಲ್ಲ ಅಂತ ನಾನು ಹೇಳೋದಿಲ್ಲ. ಜನನ ಪ್ರಮಾಣಪತ್ರದಲ್ಲಿ ಇಳಾ ಅಂತ ಸರಿಯಾಗೇ ಬಂದಿತ್ತು. ಆಧಾರ್ ಕಾರ್ಡ್ ಬಂದಾಗ ಅದು ಇಲಾ ಆಗಿತ್ತು. ಶಾಲೆಗೆ ಸೇರಿಸಿದ ಮೇಲೆ ಹಾಜರಿ ಕೂಗುವವರು ಐಲಾ ಅಂದರು. ಮೊದಮೊದಲು ಮಗು ಎದ್ದು ನಿಲ್ಲುತ್ತಲೇ ಇರಲಿಲ್ಲ, ಕರೆಯುತ್ತಿರೋದು ತನ್ನನ್ನೇ ಅಂತ ಅದಕ್ಕೆ ಗೊತ್ತಾದರೆ ತಾನೇ? ಆದರೆ ಇದರಲ್ಲಿ ಹೆಸರಿನ ತಪ್ಪೇನಿದೆ, ಹೇಳಿ. ಕೇಳದೇ ಓದಿದವರದ್ದು ತಪ್ಪು, ನೋಡದೇ ಅಚ್ಚು ಹಾಕಿದವರದ್ದು ತಪ್ಪು.

ಆಧಾರ್‌ನಲ್ಲಿ ಹೀಗಾಗೋದು ಯಾಕೆ ಅಂದರೆ, ನೋಂದಣಿ ಮಾಡುವಾಗ ಹೆಸರನ್ನು ಇಂಗ್ಲಿಷಿನಲ್ಲಿ ಹೊಡೆಯುತ್ತಾರೆ, ಅದನ್ನು ನೋಡಿಕೊಂಡು ಕನ್ನಡದ ರೂಪವನ್ನು ಕಂಪ್ಯೂಟರ್ ತಾನೇ ಹಾಕುತ್ತದೆ. ಐ, ಎಲ್, ಎ ಅಂತ ಇದ್ದರೆ ಅದು ಲ ಅಕ್ಷರವೋ ಳ ಅಕ್ಷರವೋ ಕಂಪ್ಯೂಟರಿಗೆ ಹೇಗೆ ತಿಳಿಯಬೇಕು? ಅಲ್ಲಿ ಕೂತವರು ತಿದ್ದಬಹುದು. ನುಡಿ ಅನ್ನೋ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗೆಲ್ಲ ಗೊತ್ತು, ಎಲ್ ಒತ್ತಿದರೆ ಲ, ಶಿಫ್ಟ್ ಹಿಡಿದು ಎಲ್ ಒತ್ತಿದರೆ ಳ. ಕಿರುಬೆರಳು ಒಂದು ಕ್ಷಣ ಶಿಫ್ಟ್ ಮೇಲೆ ಕೂರಬೇಕು, ಅಷ್ಟೇ. ಅಷ್ಟಕ್ಕೆ ಪುರುಸೊತ್ತಿಲ್ಲ ಅಂತ ಹೆತ್ತವರು ಮಗಳ ಹೆಸರನ್ನೇ ಬೇರೆ ಹುಡುಕಬೇಕಾ?

ಉದ್ದದ ಹೆಸರಿಗೆ ಈ ಗೋಳು ಕಡಿಮೆ, ಅದು ನಿಜ. ಮಂಗಳಾ, ಶ್ಯಾಮಳಾ, ಮುರಳಿ, ನಮ್ಮ ಕಡೆಯ ಓಬಳೇಶ, ಎಲ್ಲದರಲ್ಲೂ ಳ ಇದೆ. ಇಂಗ್ಲಿಷಿನಲ್ಲಿ ಎಲ್ಲವನ್ನೂ ಬರೀ ಎಲ್ ಹಾಕಿಯೇ ಬರೆಯುತ್ತಾ ಬಂದಿದ್ದೇವೆ, ಕನ್ನಡದವರು ಯಾರೂ ತಪ್ಪಾಗಿ ಓದಲ್ಲ. ಹಿಂದೆ ಮುಂದೆ ಇರುವ ಅಕ್ಷರಗಳೇ ದಾರಿ ತೋರಿಸುತ್ತವೆ. ಎರಡೇ ಅಕ್ಷರದ ಹೆಸರಿಗೆ ಆ ಆಸರೆ ಇಲ್ಲ. ಒಂದು ತಪ್ಪಿದರೆ ಅರ್ಧ ಹೆಸರೇ ಹೋಯಿತು. ಅದಕ್ಕೇ ಚಿಕ್ಕ ಹೆಸರನ್ನು ಬರೆಯುವಾಗ ಜಾಸ್ತಿ ಎಚ್ಚರ ಬೇಕು ಅಂತ ಆ ಓದುಗರು ಬರೆದಿದ್ದರೆ ನಾನೂ ಹೌದು ಅನ್ನುತ್ತಿದ್ದೆ. ಅವರು ಹೆಸರೇ ಬೇಡ ಅಂದರು, ಅದು ನನಗೆ ಒಪ್ಪಿಗೆ ಆಗಲಿಲ್ಲ.

ನಮ್ಮ ಪ್ರೆಸ್‌ಗೆ ಬರುವವರು ಈಗ ಚೀಟಿಯಲ್ಲಿ ಬರೆದು ತರೋದು ಕಡಿಮೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುತ್ತಾರೆ, ಅದೂ ಇಂಗ್ಲಿಷ್ ಅಕ್ಷರದಲ್ಲಿ. ಆರ್, ಎ, ಎಂ, ಎ ಅಂತ ಬಂದರೆ ಅದು ರಾಮನೋ ರಮಾ ಅವರೋ? ಕೆ, ಎ, ಎಲ್, ಎ ಅಂತ ಬಂದರೆ ಕಲಾ ಆಗಬಹುದು, ಕಾಳ ಆಗಬಹುದು. ನಾನು ಫೋನ್ ಮಾಡಿ ಕೇಳುತ್ತೇನೆ. ಕೆಲವರು ಸಿಡಿಮಿಡಿ ಮಾಡುತ್ತಾರೆ, ‘ಅಷ್ಟೂ ಗೊತ್ತಾಗಲ್ವಾ ಮೇಡಂ’ ಅಂತಾರೆ. ಅವರಿಗೆ ಅದು ಹುಟ್ಟಿದಾಗಿನಿಂದ ಕೇಳಿದ ಮನೆಯ ಹೆಸರು, ನನ್ನ ಮುಂದಿರೋದು ನಾಲ್ಕು ಇಂಗ್ಲಿಷ್ ಅಕ್ಷರ. ಕನ್ನಡದ ಕಾರ್ಡಿಗೆ ಕನ್ನಡದ ಹೆಸರನ್ನು ಕನ್ನಡದವರೇ ಇಂಗ್ಲಿಷಿನಲ್ಲಿ ಕಳಿಸಿ, ಅದನ್ನು ಮತ್ತೆ ನಾನು ಕನ್ನಡಕ್ಕೆ ತಿರುಗಿಸೋದು. ಈ ಸುತ್ತು ಯಾಕೆ ಬೇಕು? ಸುತ್ತಿ ಬರುವಷ್ಟರಲ್ಲಿ ದೀರ್ಘ ಹೋಗಿರುತ್ತದೆ, ಳ ಹೋಗಿ ಲ ಆಗಿರುತ್ತದೆ.

ಳ ಬಿಟ್ಟು ಮಾತಾಡೋಕೆ ಆಗುವ ಸೀಮೆಯೇ ಅಲ್ಲ ನಮ್ಮದು. ಹೊನ್ನಾಳಿ, ಹೊಳಲ್ಕೆರೆ, ಚಳ್ಳಕೆರೆ, ಊರೊಳಗೇ ನಿಟುವಳ್ಳಿ. ಮೊಳಕಾಲ್ಮೂರು ಅನ್ನೋ ಒಂದು ಹೆಸರಿನಲ್ಲಿ ಳ ಕೂಡ ಇದೆ, ಲ ಕೂಡ ಇದೆ, ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ಎಲ್. ಹಾಗಂತ ಊರಿನ ಹೆಸರು ಬದಲಿಸಿ ಅಂತ ಯಾರೂ ಅರ್ಜಿ ಕೊಟ್ಟಿಲ್ಲ. ಬೆಳೆ, ಬೆಲೆ ಎರಡನ್ನೂ ಇಂಗ್ಲಿಷಿನಲ್ಲಿ ಒಂದೇ ಥರ ಬರೆಯಬೇಕು. ಮೆಕ್ಕೆಜೋಳ ತಂದು ಮಾರುಕಟ್ಟೆಯಲ್ಲಿ ಸುರಿದ ರೈತರನ್ನು ಕೇಳಿ, ಬೆಳೆ ಬಂದ ವರ್ಷ ಬೆಲೆ ಬಂದಿತ್ತಾ ಅಂತ. ಎರಡೂ ಬೇರೆ ಬೇರೆ ಅಂತ ಅವರಿಗೆ ಯಾರೂ ಪಾಠ ಮಾಡಬೇಕಿಲ್ಲ. ಬ್ರಿಟಿಷರು ಚಿತ್ರದುರ್ಗವನ್ನು ಚಿಟಲ್‌ಡ್ರೂಗ್ ಅಂತ ಬರೆದುಕೊಂಡರು, ನಾವು ದುರ್ಗವನ್ನು ದುರ್ಗ ಅಂತಲೇ ಕರೆದೆವು. 2014ರ ನವೆಂಬರ್ 1ರಿಂದ ಬೆಂಗಳೂರು, ಮೈಸೂರು, ಬಳ್ಳಾರಿ, ಶಿವಮೊಗ್ಗ ಎಲ್ಲ ಸೇರಿ 12 ಊರುಗಳ ಇಂಗ್ಲಿಷ್ ಹೆಸರನ್ನು ಸರ್ಕಾರವೇ ಬದಲಿಸಿತು. ಕನ್ನಡಿಗರ ಬಾಯಲ್ಲಿ ಇರೋದೇ ಇಂಗ್ಲಿಷಿಗೂ ಹೋಗಲಿ ಅನ್ನೋದೇ ಅದರ ಉದ್ದೇಶ. ಊರಿಗೆ ಸಿಕ್ಕ ಈ ಮರ್ಯಾದೆ ಮಗುವಿನ ಹೆಸರಿಗೂ ಸಿಗಬೇಕು.

ಇಂಗ್ಲಿಷಿನಲ್ಲಿ ಬರೆದರೆ ಯಾರು ಬೇಕಾದರೂ ಓದುವಂತಿರಬೇಕು ಅನ್ನುವವರು ಇಂಗ್ಲಿಷಿನವರ ಕಡೆಯ ಹೆಸರುಗಳನ್ನೂ ಸ್ವಲ್ಪ ನೋಡಬೇಕು. ಐರ್ಲೆಂಡಿನ ಹೆಣ್ಣುಮಕ್ಕಳಿಗೆ ಒಂದು ಹೆಸರಿದೆ, ಬರೆಯೋದು ಎನ್, ಐ, ಎ, ಎಂ, ಎಚ್, ಕರೆಯೋದು ನೀವ್. ಸ್ಕಾಟ್ಲೆಂಡಿನಲ್ಲಿ ಐ, ಎಸ್, ಎಲ್, ಎ ಅಂತ ಬರೆದು ಐಲಾ ಅಂತಾರೆ, ಎಸ್ ಬಾಯಿಗೇ ಬರೋದಿಲ್ಲ. ಓದುವವರಿಗೆ ಕಷ್ಟ ಅಂತ ಅವರು ಆ ಹೆಸರು ಬಿಡಲಿಲ್ಲ. ಗೊತ್ತಿಲ್ಲದವರು ಕೇಳಿ ತಿಳಿದುಕೊಳ್ಳುತ್ತಾರೆ. ನಮ್ಮ ಮಕ್ಕಳ ಹೆಸರನ್ನೂ ಹಾಗೇ ಕೇಳಿ ತಿಳಿದುಕೊಳ್ಳಲಿ.

ಈಗ ಇಂಗ್ಲಿಷ್ ಸ್ಪೆಲ್ಲಿಂಗ್ ವಿಷಯಕ್ಕೆ ಬರ್ತೀನಿ, ಕಾರ್ಡು ಮಾಡಿಸೋಕೆ ಬಂದವರು ಇದನ್ನು ನನ್ನ ಹತ್ರವೂ ಕೇಳಿದ್ದಾರೆ. ನನ್ನ ಅಭಿಪ್ರಾಯ: ಐ, ಎಲ್, ಎ. ಮೂರೇ ಅಕ್ಷರ, ಅದೇ ಸಾಕು. ಳ ಒತ್ತಿ ಹೇಳಲಿ ಅಂತ ಕೆಲವರು ಎರಡು ಎಲ್ ಹಾಕುತ್ತಾರೆ. ದಯವಿಟ್ಟು ಬೇಡ, ಅದನ್ನು ಕನ್ನಡದವರು ಓದೋದೇ ‘ಇಲ್ಲ’ ಅಂತ. ಹೆಸರಿನ ಜಾಗದಲ್ಲಿ ಇಲ್ಲ ಅಂತ ಇದ್ದರೆ ತರಗತಿಯಲ್ಲಿ ಆ ಮಗುವಿನ ಪಾಡು ಏನಾಗಬಹುದು ಅಂತ ಯೋಚಿಸಿ. ಕೊನೆಗೆ ಎರಡು ಎ ಹಾಕೋದರಿಂದ ದೀರ್ಘ ಸಿಗುತ್ತದೆ, ಅದು ಪರವಾಗಿಲ್ಲ, ಆದರೆ ಳ ಸಿಗೋದಿಲ್ಲ. ಸಂಖ್ಯಾಶಾಸ್ತ್ರ ಅಂತ ಕೊನೆಗೊಂದು ಎಚ್ ಅಂಟಿಸೋದು ನನಗೆ ಸರಿ ಕಾಣೋದಿಲ್ಲ, ಮೂರಕ್ಷರದ ಹೆಸರಿಗೆ ಅದು ಭಾರ. ಇ, ಎಲ್, ಎ ಅಂತಲೂ ಬರೆಯುವವರಿದ್ದಾರೆ. 1972ರಲ್ಲಿ ಅಹಮದಾಬಾದಿನಲ್ಲಿ ಬಡ ದುಡಿಯುವ ಹೆಂಗಸರನ್ನು ಸೇರಿಸಿ ‘ಸೇವಾ’ ಅನ್ನೋ ಸಂಘಟನೆ ಕಟ್ಟಿದ, 1977ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಇಲಾ ಭಟ್ ಅವರ ಹೆಸರು ಇಂಗ್ಲಿಷಿನಲ್ಲಿ ಇರೋದು ಹಾಗೇ. ಗುಜರಾತಿಯಲ್ಲಿ ಅದು ಇಲಾ, ಅವರಿಗೆ ಅದು ಸರಿ. ಅದನ್ನೇ ನಾವು ಇಲ್ಲಿ ಬರೆದರೆ ಎಲಾ ಅಂತ ಓದುತ್ತಾರೆ, ‘ಎಲಾ ಇವನ’ ಅನ್ನೋ ಎಲಾ. ಹಾಗಾಗಿ ನಮ್ಮ ಕಡೆಗೆ ಅದು ಬೇಡ.

ಇನ್ನೊಂದು ಸೂಕ್ಷ್ಮ ಇದೆ. ಮೊದಲಕ್ಷರ ದೊಡ್ಡದು, ಉಳಿದದ್ದು ಚಿಕ್ಕದು ಅಂತ ಟೈಪ್ ಮಾಡಿದರೆ ತುಂಬಾ ಫಾಂಟ್‌ಗಳಲ್ಲಿ ದೊಡ್ಡ ಐ ಮತ್ತು ಚಿಕ್ಕ ಎಲ್ ಎರಡೂ ಒಂದೇ ಥರ, ನೆಟ್ಟಗೆ ನಿಂತ ಎರಡು ಗೆರೆಗಳ ಹಾಗೆ ಕಾಣುತ್ತವೆ. ನೋಡಿ ಬರೆದುಕೊಳ್ಳುವವರು ಎರಡು ಎಲ್ ಅಂತಲೇ ಬರೆದುಕೊಳ್ಳುತ್ತಾರೆ. ಅರ್ಜಿಗಳಲ್ಲಿ ಮೂರೂ ಅಕ್ಷರವನ್ನು ದೊಡ್ಡದಾಗೇ ಬರೆಯಿರಿ, ಗೊಂದಲ ಇರೋದಿಲ್ಲ. ವಿದ್ವಾಂಸರ ಪುಸ್ತಕಗಳಲ್ಲಿ ಎಲ್ ಕೆಳಗೆ ಒಂದು ಚುಕ್ಕಿ ಇಟ್ಟು ಳ ತೋರಿಸುತ್ತಾರೆ, ಆದರೆ ಅರ್ಜಿಯಲ್ಲಿ ಆ ಚುಕ್ಕಿಗೆ ಜಾಗ ಎಲ್ಲಿದೆ?

ಇಷ್ಟೆಲ್ಲ ಯಾಕೆ ಪಡಬೇಕು, ಸುಲಭದ ಹೆಸರೇ ಇಡಬಹುದಲ್ವಾ ಅಂದರೆ, ಹೆಸರು ಅಷ್ಟು ಚೆನ್ನಾಗಿದೆ, ಅದಕ್ಕೇ. ಒಮ್ಮೆ ಬಾಯಿಬಿಟ್ಟು ಕರೆದು ನೋಡಿ. ಇ ಅನ್ನುವಾಗ ತುಟಿ ಅಗಲ ಆಗುತ್ತದೆ, ಳ ಅನ್ನುವಾಗ ನಾಲಿಗೆ ಮಡಚಿ ಮೇಲೆ ಹೋಗುತ್ತದೆ, ಆ ಬರುವಾಗ ಬಾಯಿ ಪೂರಾ ತೆರೆಯುತ್ತದೆ. ಮಾಳಿಗೆ ಮೇಲಿಂದ ಕೂಗಿದರೆ ಓಣಿಯ ಆ ತುದಿಗೆ ಕೇಳುತ್ತದೆ. ನಮ್ಮ ಅವ್ವ ‘ಇಳವ್ವಾ, ಬಾ ಇಲ್ಲಿ’ ಅಂತಾಳೆ. ಶಾಲೆ ಮೆಟ್ಟಿಲು ಹತ್ತದ ಅವ್ವನ ಬಾಯಲ್ಲಿ ಆ ಳ ಎಷ್ಟು ದುಂಡಗೆ ಬರುತ್ತದೆ ಅಂದರೆ, ಹಾಜರಿ ಕೂಗುವವರನ್ನು ಕರೆತಂದು ಕೇಳಿಸಬೇಕು ಅನ್ನಿಸುತ್ತದೆ. ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ಈಗ ಮಳೆಗೂ ಮಲೆ ಅಂತಾರೆ, ಹಾಳು ಅನ್ನೋಕೆ ಹೋಗಿ ಹಾಲು ಅಂತಾರೆ. ದಿನಾ ಕರೆಯುವ ಹೆಸರಿನಲ್ಲೇ ಒಂದು ಳ ಇದ್ದರೆ ಆ ಮನೆಯಲ್ಲಾದರೂ ಅದು ಉಳಿಯುತ್ತದೆ.

ಹೆಸರು ಹೊಸದೇನಲ್ಲ. ಋಗ್ವೇದದಲ್ಲೇ ಇಳಾ ಇದ್ದಾಳೆ. ಪುರಾಣದಲ್ಲಿ ಮನುವಿನ ಮಗಳು, ಬುಧನ ಹೆಂಡತಿ, ಪುರೂರವನ ತಾಯಿ, ಚಂದ್ರವಂಶ ಶುರುವಾಗೋದೇ ಅವಳಿಂದ. ಅವಳು ಒಂದು ತಿಂಗಳು ಗಂಡು ಒಂದು ತಿಂಗಳು ಹೆಣ್ಣು ಆಗಿದ್ದಳಂತೆ, ಅಂಥವಳ ಹೆಸರು ಯಾಕೆ ಅಂತ ನಮ್ಮ ಮನೆಯ ಹಿರಿಯರೊಬ್ಬರು ತಕರಾರು ತೆಗೆದರು. ನನಗಂತೂ ಅದೇ ಇಷ್ಟವಾಯಿತು. ಎರಡೂ ಬಾಳನ್ನು ಬಾಳಿ, ಒಂದು ವಂಶಕ್ಕೆ ಮೂಲವಾದವಳು ಅವಳು. ಇಳೆ ಅಂದರೆ ಭೂಮಿ ಅಂತ ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ, ಇಳೆ ಬೆಳೆ ಎಲ್ಲ ಶಿವನ ದಾನ ಅನ್ನೋ ವಚನ ಮಕ್ಕಳಿಗೂ ಬಾಯಿಪಾಠ. ಇನ್ನು ನಕ್ಷತ್ರ ನೋಡುವವರಿಗೆ, ಕೃತ್ತಿಕೆಯ ಎರಡನೇ ಪಾದಕ್ಕೆ ಬರೋದು ಇ ಅಕ್ಷರವೇ. ಆ ಪಾದದಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಹೆಸರು ಹುಡುಕಿ ಸುಸ್ತಾದವರನ್ನು ಕಂಡಿದ್ದೇನೆ.

ಹೊಸದಾಗಿ ಹೆಸರಿಡುವವರಿಗೆ ನಾನು ಹೇಳೋದು ಇಷ್ಟು. ಮೊದಲು ಕನ್ನಡದಲ್ಲಿ ಬರೆದು ಕೊಡಿ, ದೊಡ್ಡಕ್ಷರದಲ್ಲಿ, ದೀರ್ಘ ಒತ್ತು ಕಾಣುವ ಹಾಗೆ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಹೆಸರನ್ನು ಅಷ್ಟರಲ್ಲೇ ಹಾಕಿಸಬೇಕು ಅಂತ ಇಲ್ಲ. ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ ಶುಲ್ಕ ಕಟ್ಟಿ 15 ವರ್ಷದವರೆಗೂ ಅವಕಾಶ ಇದೆ. ಆಸ್ಪತ್ರೆಯಲ್ಲಿ ಅವಸರ ಮಾಡುತ್ತಾರೆ ಅಂತ ಬಾಯಿಗೆ ಬಂದ ಸ್ಪೆಲ್ಲಿಂಗ್ ಬರೆಸಬೇಡಿ. 2023ರ ಅಕ್ಟೋಬರ್ 1ರಿಂದ ಆಚೆ ಹುಟ್ಟಿದ ಮಕ್ಕಳಿಗೆ ಶಾಲೆಗೆ, ಆಧಾರ್‌ಗೆ, ಪಾಸ್‌ಪೋರ್ಟ್‌ಗೆ ಹುಟ್ಟಿದ ದಿನ, ಊರು ತೋರಿಸೋಕೆ ಜನನ ಪ್ರಮಾಣಪತ್ರವೇ ಆಧಾರ ಅಂತ ಕಾನೂನು ಆಗಿದೆ. ಹಾಗಾಗಿ ಅಲ್ಲಿ ಬಿದ್ದ ಅಕ್ಷರ ಎಲ್ಲ ಕಡೆಗೂ ಹೋಗುತ್ತದೆ. ಆಧಾರ್‌ನಲ್ಲಂತೂ ಜೀವನದಲ್ಲಿ ಎರಡು ಸಲ ಮಾತ್ರ ಹೆಸರು ತಿದ್ದಿಸಬಹುದು. ನೋಂದಣಿಯ ಚೀಟಿ ಕೈಗೆ ಬಂದ ಕೂಡಲೇ ಇಂಗ್ಲಿಷ್ ಸಾಲು ನೋಡಿ ಮಡಚಿಡಬೇಡಿ, ಕನ್ನಡದ ಸಾಲನ್ನೂ ಓದಿ. ಪರದೆಯನ್ನು ಈ ಕಡೆ ತಿರುಗಿಸಿ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ.

ಕಚೇರಿಯವರಿಗೂ ಶಾಲೆಯವರಿಗೂ ಒಂದು ಮಾತು. ಅಚ್ಚು ಹಾಕುವ ಮೊದಲು ತಂದೆತಾಯಿಗೆ ಒಮ್ಮೆ ಓದಿಸಿ. ನಮ್ಮಂಥ ಪ್ರೆಸ್‌ನವರೇ ಒಂದು ಕಾರ್ಡಿಗೆ ಪ್ರೂಫ್ ತೋರಿಸಿ ಸಹಿ ಹಾಕಿಸಿಕೊಳ್ಳುತ್ತೇವೆ, ಅದು ಮದುವೆ ಮುಗಿದ ಮೇಲೆ ರದ್ದಿಗೆ ಹೋಗುವ ಕಾಗದ. ಜೀವನಪೂರ್ತಿ ಇರುವ ದಾಖಲೆಗೆ ಒಂದು ಪ್ರೂಫ್ ತೋರಿಸೋಕೆ ಏನು ಕಷ್ಟ? ಶಾಲೆಯಲ್ಲಿ ಮೊದಲ ದಿನ ಮಗುವಿನ ಹತ್ರವೇ ‘ನಿನ್ನ ಹೆಸರು ಹೇಗೆ ಕರೀತಾರಮ್ಮ ಮನೆಯಲ್ಲಿ’ ಅಂತ ಕೇಳಿ ಹಾಜರಿ ಪುಸ್ತಕದಲ್ಲಿ ಕನ್ನಡದಲ್ಲಿ ಪಕ್ಕಕ್ಕೆ ಬರೆದುಕೊಂಡರೆ ಆಯಿತು.

ಸಂಪಾದಕರೇ, ನಿಮ್ಮ ಹತ್ರವೂ ಒಂದು ಕೋರಿಕೆ ಇದೆ. ಪತ್ರಿಕೆಗಳಲ್ಲಿ, ನಿಮ್ಮದೂ ಸೇರಿ, ಇಂಗ್ಲಿಷಿನಿಂದ ಬಂದ ಸುದ್ದಿಯಲ್ಲಿ ನಮ್ಮದೇ ರಾಜ್ಯದ ಆಟಗಾರರ, ವಿದ್ಯಾರ್ಥಿಗಳ ಹೆಸರುಗಳು ಅಂದಾಜಿನ ಮೇಲೆ ಅಚ್ಚಾಗುತ್ತವೆ. ರ‍್ಯಾಂಕ್ ಬಂದ ಹುಡುಗಿಯ ಹೆಸರು ಒಂದು ಪತ್ರಿಕೆಯಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ. ನಿಮ್ಮ ಜಿಲ್ಲಾ ವರದಿಗಾರರು ಹೇಗೂ ಮನೆಯವರ ಜೊತೆ ಮಾತಾಡುತ್ತಾರೆ, ಹೆಸರನ್ನು ಕನ್ನಡದಲ್ಲಿ ಬರೆಸಿಕೊಂಡೇ ಬರಲಿ. ಆ ಮನೆಯವರು ಪತ್ರಿಕೆಯನ್ನು ಕತ್ತರಿಸಿ ಜೋಪಾನ ಮಾಡಿ ಇಟ್ಟುಕೊಳ್ಳುತ್ತಾರೆ.

ಇಳಾ ಅಂತ ಇಡಬೇಕು ಅಂದುಕೊಂಡು ಆ ಪತ್ರ ಓದಿ ಹಿಂದೇಟು ಹಾಕಿದವರು ಯಾರಾದರೂ ಇದ್ದರೆ, ಧೈರ್ಯವಾಗಿ ಇಡಿ. ತೊಟ್ಟಿಲು ಕಾರ್ಯಕ್ರಮದ ಕಾರ್ಡಿಗೆ ಹೆಸರನ್ನು ಕನ್ನಡದಲ್ಲೇ ಬರೆದು ಕಳಿಸಿ.

ಇಂತಿ,
ಇಳಾಳ ಸೋದರತ್ತೆ
ನಿಟುವಳ್ಳಿ, ದಾವಣಗೆರೆ